ಮನೆಯ ಮಂಚದಿಂದ ಮತ್ತೆ ವಾರ್ಡಿಗೆ

ನರ್ಸ್ ಕೆಲಸ ಬಿಟ್ಟು ಮನೆಯಲ್ಲಿರುವ ಸಿಸ್ಟರ್‌ಗಳು ಈಗೀಗ ನನಗೆ ಫೋನ್ ಮಾಡುತ್ತಾರೆ. ಜೊತೆಗೆ ಓದಿದವರು, ಹಿಂದೆ ಒಂದೇ ವಾರ್ಡಲ್ಲಿ ನೈಟ್ ಮಾಡಿದವರು, ಅವರ ಪರಿಚಯದವರು. ಕೇಳುವುದು ಹೆಚ್ಚುಕಡಿಮೆ ಒಂದೇ. "ಇಷ್ಟು ವರ್ಷ ಆದ್ಮೇಲೆ ಕೈ ಓಡುತ್ತಾ? ಐವಿ ಹಾಕೋಕೆ ಬರುತ್ತಾ? ಈಗಿನ ಹುಡುಗೀರ ಮುಂದೆ ನಿಂತ್ಕೊಳ್ಳೋಕಾಗುತ್ತಾ?" ಐವಿ ಅಂದರೆ ಡ್ರಿಪ್ ಕೊಡೋಕೆ ನರಕ್ಕೆ ಸೂಜಿ ಹಾಕುವುದು. ಡ್ಯೂಟಿ ಮುಗಿಸಿ ಬಸ್ಸಲ್ಲಿ ಬರುವಾಗ ಅರ್ಧರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಕೈ ಓಡುತ್ತದೆ. ಆ ಚಿಂತೆ ಬಿಡಿ. ಕಷ್ಟ ಇರುವುದು ಬೇರೆ ಕಡೆ. ಇನ್ನೊಂದು ಮಾತು, ಮನೆಯಲ್ಲಿ ಕಳೆದ ವರ್ಷಗಳು ದಂಡ ಅಂತ ಮಾತ್ರ ಯಾರ ಮುಂದೆಯೂ ಒಪ್ಪಿಕೊಳ್ಳಬೇಡಿ. ನನಗೆ ನರ್ಸಿಂಗ್‌ನ ಒಂದು ದೊಡ್ಡ ಪಾಲು ಅರ್ಥವಾಗಿದ್ದೇ ಆ ವರ್ಷಗಳಲ್ಲಿ.

ನಾನು ಹಾಸನದಲ್ಲಿ ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾ ಮುಗಿಸಿ 2004ರಲ್ಲಿ ಬೆಂಗಳೂರಿಗೆ ಬಂದವಳು. ಮೊದಲು ಒಂದು ನರ್ಸಿಂಗ್ ಹೋಮ್, ಆಮೇಲೆ ಒಂದು ದೊಡ್ಡ ಆಸ್ಪತ್ರೆಯ ಮೆಡಿಕಲ್ ವಾರ್ಡ್. ಮದುವೆಯಾಗಿ ಕಾಮಾಕ್ಷಿಪಾಳ್ಯಕ್ಕೆ ಬಂದೆ. ನಮ್ಮನೆಯವರಿಗೆ ಪೀಣ್ಯದಲ್ಲಿ ಕೆಲಸ, ಅವರಿಗೂ ಶಿಫ್ಟ್. ನನಗೆ ನೈಟ್ ಇದ್ದಾಗ ಮಗಳನ್ನು ಮಲಗಿಸುತ್ತಿದ್ದವರು ನಮ್ಮತ್ತೆ. 2015ರ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಅತ್ತೆ ಬಚ್ಚಲುಮನೆಯಲ್ಲಿ ಕುಸಿದು ಬಿದ್ದರು. ಸ್ಟ್ರೋಕ್. ಬಲಗೈ, ಬಲಗಾಲು, ಮಾತು ಮೂರೂ ಹೋದವು.

ಡಿಸ್ಚಾರ್ಜ್ ಆದ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಏಳು ಗಂಟೆ ಹೊತ್ತು. ನಮ್ಮನೆಯವರು ಬಿಲ್ಲಿಂಗ್ ಕೌಂಟರ್ ಹತ್ತಿರ ಇದ್ದರು. ಅಷ್ಟರಲ್ಲಿ ಆಂಬ್ಯುಲೆನ್ಸ್‌ನವನು ಎರಡು ಸಲ ಫೋನ್ ಮಾಡಿದ್ದ. ಒಬ್ಬ ಸಿಸ್ಟರ್ ಬಂದು, "ಟ್ಯೂಬಲ್ಲಿ ಎರಡೆರಡು ಗಂಟೆಗೆ ಫೀಡ್ ಕೊಡಿ, ಪೊಸಿಷನ್ ಚೇಂಜ್ ಮಾಡ್ತಾ ಇರಿ, ಹದಿನೈದು ದಿನ ಬಿಟ್ಟು ಓಪಿಡಿಗೆ ಬನ್ನಿ" ಅಂದು ಫೈಲ್ ಕೊಟ್ಟು ಹೋದರು. ನಾನು ನರ್ಸ್, ನನಗೆ ಅರ್ಥವಾಯಿತು. ಪಕ್ಕದ ಬೆಡ್ಡಿನ ಅಜ್ಜನೂ ಅವತ್ತೇ ಡಿಸ್ಚಾರ್ಜ್. ಅವರಿಗೂ ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬ್, ಯೂರಿನ್ ಟ್ಯೂಬ್ ಎರಡೂ ಇದ್ದವು. ಅವರ ಮಗ ನೆಲಮಂಗಲದ ಕಡೆಯವನು, ಆಟೋ ಓಡಿಸುತ್ತಿದ್ದ. ಸಿಸ್ಟರ್ ಹೇಳಿದ್ದನ್ನು ಪೆನ್ನಲ್ಲಿ ಅಂಗೈ ಮೇಲೆ ಬರೆದುಕೊಂಡಿದ್ದ. ಲಿಫ್ಟ್ ಹತ್ತಿರ ನನ್ನನ್ನು ನಿಲ್ಲಿಸಿ ಕೇಳಿದ. "ಮೇಡಂ, ನೀವು ಸಿಸ್ಟರ್ ಅಂತೆ. ಫೀಡ್ ಅಂದ್ರೆ ಏನು ಕೊಡೋದು?"

ಅಷ್ಟು ಹೊತ್ತಿಗೆ ಆ ಅಪ್ಪ ಮಗ ಒಂದು ವಾರಕ್ಕೂ ಹೆಚ್ಚು ದಿನ ಅದೇ ಆಸ್ಪತ್ರೆಯಲ್ಲಿ ಕಳೆದಿದ್ದರು. ಆದರೂ ಆ ಹುಡುಗನಿಗೆ ಯಾರೂ ಏನೂ ಕೂತು ಹೇಳಿರಲಿಲ್ಲ. ಆ ಸಿಸ್ಟರ್ ಮೇಲೆ ನನಗೆ ಆಗಲೂ ಸಿಟ್ಟಿರಲಿಲ್ಲ, ಈಗಲೂ ಇಲ್ಲ. ಅಷ್ಟು ಪೇಷೆಂಟ್‌ಗಳನ್ನು ಒಬ್ಬರ ಕೈಗೆ ಕೊಟ್ಟು, ಡಿಸ್ಚಾರ್ಜನ್ನು ಬಿಲ್ಲಿನ ಜೊತೆ ಓಡಿಸಿದರೆ ಇನ್ನೇನಾಗುತ್ತದೆ?

ಅತ್ತೆಯನ್ನು ಮನೆಗೆ ತಂದ ಮೇಲೆ, "ಮನೇಲೇ ನರ್ಸ್ ಇರೋವಾಗ ಹೊರಗಿನವರು ಯಾಕೆ" ಅಂತ ನೆಂಟರೆಲ್ಲ ಅಂದರು. ನನಗೂ ಹಾಗೇ ಅನ್ನಿಸಿತು. ರಿಸೈನ್ ಮಾಡಿದೆ. ಆರು ತಿಂಗಳಲ್ಲಿ ವಾಪಸ್ ಹೋಗುತ್ತೇನೆ ಅಂದುಕೊಂಡಿದ್ದೆ. ಅತ್ತೆ 2022ರ ಕೊನೆಯವರೆಗೂ ನಮ್ಮ ಜೊತೆ ಇದ್ದರು.

ಒಂದೇ ಮಗ್ಗುಲಲ್ಲಿ ಮಲಗಿದರೆ ಬೆಡ್ ಸೋರ್ ಅನ್ನುವ ಹುಣ್ಣಾಗುತ್ತದೆ, ತಿರುಗಿಸುತ್ತಲೇ ಇರಬೇಕು. ಆಸ್ಪತ್ರೆಯಲ್ಲಿ ಪೇಷೆಂಟನ್ನು ತಿರುಗಿಸೋಕೆ ಇಬ್ಬರು ಇರುತ್ತಾರೆ, ಮಂಚದ ತಲೆಕಡೆ ಎತ್ತೋಕೆ ಹಿಡಿಕೆ ಇರುತ್ತದೆ. ಮನೆಯಲ್ಲಿ ನಾನೊಬ್ಬಳೇ, ಮರದ ಮಂಚ. ಹಳೇ ಕಾಟನ್ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಅತ್ತೆಯ ಬೆನ್ನಿಂದ ತೊಡೆಯವರೆಗೆ ಹಾಸಿಟ್ಟರೆ, ಅದರ ಅಂಚು ಹಿಡಿದು ಒಬ್ಬಳೇ ತಿರುಗಿಸಬಹುದು, ಚರ್ಮವೂ ಉಜ್ಜುವುದಿಲ್ಲ. ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮೀನಖಂಡದ ಕೆಳಗೆ ದಿಂಬು. ಏರ್ ಬೆಡ್ ತಂದೆವು. ಕರೆಂಟ್ ಹೋದರೆ ಅದರ ಪಂಪು ನಿಂತುಹೋಗುತ್ತದೆ ಅನ್ನುವುದನ್ನು ಅಂಗಡಿಯವರು ಹೇಳಲಿಲ್ಲ. ಮೊದಲ ಮಳೆಗೆ ನಮ್ಮ ರಸ್ತೆಯಲ್ಲಿ ಅರ್ಧ ರಾತ್ರಿ ಕರೆಂಟ್ ಹೋದಾಗ ಗೊತ್ತಾಯಿತು. ಮಾರನೇ ದಿನವೇ ಎಲೆಕ್ಟ್ರಿಷಿಯನ್ ಕರೆಸಿ ಆ ಪ್ಲಗ್ ಪಾಯಿಂಟನ್ನು ಯುಪಿಎಸ್ ಲೈನಿಗೆ ಹಾಕಿಸಿದೆ.

ಫೀಡ್ ವಿಷಯಕ್ಕೆ ಬಂದರೆ, ರಾಗಿ ಗಂಜಿ ತೆಳ್ಳಗೆ ಮಾಡಿ ಬಟ್ಟೆಯಲ್ಲಿ ಶೋಧಿಸಬೇಕು. ಇಲ್ಲದಿದ್ದರೆ ಟ್ಯೂಬ್ ಕಟ್ಟಿಕೊಳ್ಳುತ್ತದೆ. ದೊಡ್ಡ ಸಿರಿಂಜಿನ ಒತ್ತುವ ದಂಡ ತೆಗೆದು, ಬರೀ ಹೊರಗಿನ ಕೊಳವೆಯನ್ನು ಟ್ಯೂಬಿಗೆ ಸಿಕ್ಕಿಸಿ ಎತ್ತಿ ಹಿಡಿದರೆ ಗಂಜಿ ತಾನಾಗೇ ನಿಧಾನಕ್ಕೆ ಇಳಿಯುತ್ತದೆ. ಒತ್ತಿ ಹಾಕಬಾರದು. ಮೊದಲು ಮತ್ತು ಕೊನೆಗೆ ಸುಮಾರು 30 ಎಂಎಲ್ ನೀರು. ತಲೆ, ಬೆನ್ನು 30ರಿಂದ 45 ಡಿಗ್ರಿ ಎತ್ತರದಲ್ಲಿರಬೇಕು, ಕೊಟ್ಟ ತಕ್ಷಣ ಮಲಗಿಸಬಾರದು. ಇದೆಲ್ಲ ನಾನು ಓದಿದ್ದೇ. ಆದರೆ ಮರದ ಮಂಚದಲ್ಲಿ 45 ಡಿಗ್ರಿ ಎಲ್ಲಿಂದ ತರೋದು? ಕೊನೆಗೆ ಮೆಡಿಕಲ್ ಸಾಮಾನು ಬಾಡಿಗೆಗೆ ಕೊಡುವ ಅಂಗಡಿಯಿಂದ ಬೆನ್ನಿಗೆ ಕೊಡುವ ಸ್ಟ್ಯಾಂಡ್ ತಂದೆವು. ಡಿಸ್ಚಾರ್ಜ್ ಚೀಟಿಯಲ್ಲಿ ಇಂಥದ್ದು ಒಂದೂ ಇರಲಿಲ್ಲ.

ಮಾತ್ರೆಗಳದ್ದು ಇನ್ನೊಂದು. ಟ್ಯೂಬ್ ಇರುವವರಿಗೆ ಮನೆಯವರು ಎಲ್ಲ ಮಾತ್ರೆಯನ್ನೂ ಕುಟ್ಟಿ ಪುಡಿ ಮಾಡಿ ಹಾಕುತ್ತಾರೆ. ಅತ್ತೆಗೆ ಬಿಪಿಗೆ ಬರೆದಿದ್ದು ನಿಫೆಡಿಪಿನ್ ರಿಟಾರ್ಡ್. ದಿನವಿಡೀ ನಿಧಾನವಾಗಿ ಬಿಡುಗಡೆಯಾಗಲಿ ಅಂತ ಮಾಡಿರುವ ಮಾತ್ರೆ ಅದು. ಕುಟ್ಟಿದರೆ ಅಷ್ಟೂ ಔಷಧಿ ಒಟ್ಟಿಗೇ ಒಳಗೆ ಹೋಗುತ್ತದೆ, ಬಿಪಿ ದಿಢೀರಂತ ಇಳಿಯಬಹುದು. ನಾನು ಡಾಕ್ಟರಿಗೆ ಫೋನ್ ಮಾಡಿ ಬೇರೆ ಮಾತ್ರೆ ಬರೆಸಿಕೊಂಡೆ. ಆ ಆಟೋ ಹುಡುಗ ಯಾರಿಗೆ ಫೋನ್ ಮಾಡುತ್ತಿದ್ದ? ಇದನ್ನು ಎಷ್ಟು ರಾತ್ರಿ ಯೋಚನೆ ಮಾಡಿದ್ದೇನೋ.

ಕೆಲವು ತಿಂಗಳಾದ ಮೇಲೆ ಅತ್ತೆ ಬಾಯಿಯಲ್ಲಿ ನುಂಗೋಕೆ ಶುರು ಮಾಡಿದರು. ನೀರು ಸುಲಭ, ಗಟ್ಟಿ ಕಷ್ಟ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಸ್ಟ್ರೋಕ್ ಆದವರಲ್ಲಿ ಬಹಳ ಜನಕ್ಕೆ ಇದು ಉಲ್ಟಾ. ನೀರು ಬೇಗ ಜಾರಿ ಶ್ವಾಸನಾಳದ ಕಡೆ ಹೋಗುತ್ತದೆ. ಸ್ವಲ್ಪ ಗಟ್ಟಿ ಗಂಜಿ ನಿಧಾನಕ್ಕೆ ಇಳಿಯುವುದರಿಂದ ನುಂಗೋಕೆ ಸಮಯ ಸಿಗುತ್ತದೆ. ನೆಂಟರು ಬಂದು ಪ್ರೀತಿಯಿಂದ ಎಳನೀರು ಕುಡಿಸೋಕೆ ಹೋದಾಗ ಅವರನ್ನು ತಡೆಯುವುದೇ ನನಗೆ ಒಂದು ಕೆಲಸವಾಗಿತ್ತು. ಬೇಜಾರು ಮಾಡಿಕೊಂಡವರೂ ಇದ್ದಾರೆ.

ಒಂದು ಸಲ ಅತ್ತೆಗೆ ಎದೆಗೆ ಇಳಿದೇಬಿಟ್ಟಿತು. ಜ್ವರ ಇರಲಿಲ್ಲ, ಕೆಮ್ಮೂ ಹೆಚ್ಚಿರಲಿಲ್ಲ. ಮಾತು ಬರದ ಮನುಷ್ಯ ಏನು ಹೇಳಿಯಾರು? ಮಧ್ಯಾಹ್ನ ತಿರುಗಿಸುವಾಗ ಉಸಿರು ಯಾಕೋ ಬೇಗ ಅನ್ನಿಸಿತು. ಪಕ್ಕದಲ್ಲಿ ಕೂತು ಪೂರ್ತಿ ಒಂದು ನಿಮಿಷ ಎಣಿಸಿದೆ. 28. ಇರಬೇಕಾದ್ದು 20ರ ಒಳಗೆ. ಸಂಜೆಯ ಹೊತ್ತಿಗೆ ಆಸ್ಪತ್ರೆಯಲ್ಲಿದ್ದೆವು, ಎಕ್ಸ್‌ರೇಯಲ್ಲಿ ನ್ಯುಮೋನಿಯಾ ಕಂಡಿತು. ಜ್ವರ ಬಂದಿದ್ದು ರಾತ್ರಿ. ಅವತ್ತಿನಿಂದ ಉಸಿರು ಎಣಿಸುವುದು ನನಗೆ ಅಭ್ಯಾಸವೇ ಆಗಿಹೋಯಿತು.

2021ರ ಏಪ್ರಿಲ್, ಮೇ ತಿಂಗಳು ಬೆಂಗಳೂರಲ್ಲಿದ್ದ ಯಾರಿಗೂ ಮರೆಯುವುದಿಲ್ಲ. ಆಕ್ಸಿಜನ್ ಬೆಡ್ ಇಲ್ಲ, ಆಂಬ್ಯುಲೆನ್ಸ್ ಸದ್ದು ರಾತ್ರಿಯೆಲ್ಲ. ನನ್ನ ಜೊತೆ ಕೆಲಸ ಮಾಡಿದವರೆಲ್ಲ ಪಿಪಿಇ ಕಿಟ್ ಹಾಕಿಕೊಂಡು ಬೆವರಿನಲ್ಲಿ ನೆನೆದು ಡ್ಯೂಟಿ ಮಾಡುತ್ತಿದ್ದರು. ನಾನು ಮನೆಯಲ್ಲಿದ್ದೆ. ಹಾಸಿಗೆ ಹಿಡಿದ ಅತ್ತೆ ಇರುವಾಗ ಹೊರಗೆ ಹೋಗುವ ಹಾಗಿರಲಿಲ್ಲ. ಆ ಸಂಕಟ ಹೇಳಿದರೆ ತಿಳಿಯುವುದಿಲ್ಲ. ನಮ್ಮ ಬೀದಿಯವರು ಫೋನ್ ಮಾಡುತ್ತಿದ್ದರು. ಆಕ್ಸಿಮೀಟರ್ ಬೆರಳಿಗೆ ಹೇಗೆ ಹಾಕುವುದು, ಉಗುರಿನ ಬಣ್ಣ ಯಾಕೆ ಅಳಿಸಬೇಕು, 94ಕ್ಕಿಂತ ಕೆಳಗೆ ಬಂದರೆ ಯಾಕೆ ಕಾಯಬಾರದು, ಹೊಟ್ಟೆ ಅಡಿಯಾಗಿ ಹೇಗೆ ಮಲಗುವುದು. ಎಲ್ಲ ಫೋನಿನಲ್ಲೇ. ಫೋನಿನಲ್ಲಿ ಹೇಳುವಾಗ ಕೈ ತೋರಿಸುವ ಹಾಗಿಲ್ಲ, ಮಾತಿನಲ್ಲೇ ಎಲ್ಲ ಹೇಳಬೇಕು. ಅವರು ಮಾಡಿದ್ದನ್ನು ವಾಪಸ್ ನನಗೆ ಹೇಳಬೇಕು. ಅದೊಂದು ದೊಡ್ಡ ಪಾಠ. ಈಗ ವಾರ್ಡಲ್ಲಿ ದಿನಾ ಉಪಯೋಗಕ್ಕೆ ಬರುತ್ತಿದೆ.

ಅತ್ತೆ ಹೋದ ಮೇಲೆ ಕೆಲವು ತಿಂಗಳು ಏನೂ ಮಾಡಲಿಲ್ಲ. ಎರಡೆರಡು ಗಂಟೆಗೆ ಎಚ್ಚರ ಆಗುವುದು ಮಾತ್ರ ನಿಲ್ಲಲಿಲ್ಲ. ಮಗಳು ಹೈಸ್ಕೂಲ್ ಮುಗಿಸುವ ಹೊತ್ತು. ಅವಳೇ ಒಂದಿನ, "ಅಮ್ಮ, ನೀನು ವಾಪಸ್ ಡ್ಯೂಟಿಗೆ ಹೋಗು" ಅಂದಳು.

ಮೊದಲು ಕಾಗದ ಪತ್ರ. ವಾಪಸ್ ಬರಬೇಕು ಅನ್ನುವವರು ಎಲ್ಲಕ್ಕಿಂತ ಮೊದಲು ಇದಕ್ಕೆ ಕೈ ಹಾಕಿ. ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಚಾಲ್ತಿಯಲ್ಲಿ ಇಲ್ಲದಿದ್ದರೆ ಯಾವ ಒಳ್ಳೆ ಆಸ್ಪತ್ರೆಯೂ ಒಳಗೆ ಬಿಡುವುದಿಲ್ಲ, ಬಿಡಲೂಬಾರದು. ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನ ಹೆಸರಿನ ಇನಿಶಿಯಲ್, ಆಧಾರ್‌ನಲ್ಲಿ ಗಂಡನ ಹೆಸರು, ಬ್ಯಾಂಕಿನಲ್ಲಿ ಇನ್ನೊಂದು. ನಮ್ಮಲ್ಲಿ ಬಹಳ ಹೆಣ್ಣುಮಕ್ಕಳದ್ದು ಹೀಗೇ ಇರುತ್ತದೆ. ಅದನ್ನು ಸರಿಮಾಡಿಸೋಕೆ ಓಡಾಟ ಜಾಸ್ತಿ. ಕೆಲಸ ಸಿಕ್ಕಿದ ಮೇಲೆ ನೋಡಿಕೊಳ್ಳೋಣ ಅಂತ ಬಿಡಬೇಡಿ.

ಆಮೇಲೆ ಬಿಎಲ್‌ಎಸ್ ಕೋರ್ಸ್, ಹೃದಯ ನಿಂತವರಿಗೆ ಎದೆ ಒತ್ತಿ ಉಸಿರು ಕೊಡುವುದನ್ನು ಕಲಿಸುವುದು. ಸರ್ಟಿಫಿಕೇಟ್ ಎರಡು ವರ್ಷ ನಡೆಯುತ್ತದೆ. ಅಲ್ಲಿ ಹೋಗಿ ಕೂತಾಗ ನಮ್ಮ ಕೆಲಸ ಎಷ್ಟು ಬದಲಾಗುತ್ತಲೇ ಇರುತ್ತದೆ ಅಂತ ಗೊತ್ತಾಯಿತು. ನಾನು ಓದುವಾಗ 15 ಸಲ ಎದೆ ಒತ್ತಿ 2 ಸಲ ಉಸಿರು ಕೊಡಿ ಅಂತ ಹೇಳಿಕೊಟ್ಟಿದ್ದರು. 2005ರಲ್ಲಿ ಅದು 30ಕ್ಕೆ 2 ಆಯಿತು. 2010ರಲ್ಲಿ ಕ್ರಮವೇ ಬದಲಾಗಿ, ಮೊದಲು ಎದೆ ಒತ್ತಿ, ಆಮೇಲೆ ಉಸಿರಿನ ದಾರಿ ನೋಡಿ ಅಂದರು. ಆಗ ನಿಮಿಷಕ್ಕೆ ಕನಿಷ್ಠ 100 ಸಲ, ಕನಿಷ್ಠ 5 ಸೆಂಟಿಮೀಟರ್ ಆಳ ಅಂತಿತ್ತು. ನಾನು ಕೆಲಸ ಬಿಟ್ಟ ಕೆಲವೇ ತಿಂಗಳಿಗೆ, 2015ರ ಕೊನೆಯ ಹೊತ್ತಿಗೆ, ಮೇಲಿನ ಮಿತಿಯೂ ಬಂತು. ನಿಮಿಷಕ್ಕೆ 120 ದಾಟಬಾರದು, ಆಳ 6 ಸೆಂಟಿಮೀಟರ್ ದಾಟಬಾರದು. ತೀರಾ ವೇಗವಾಗಿ ಒತ್ತಿದರೆ ಆಳ ಕಡಿಮೆಯಾಗುತ್ತದೆ, ಎದೆ ಪೂರ್ತಿ ಮೇಲೆ ಬರೋಕೆ ಸಮಯ ಸಿಗುವುದಿಲ್ಲ. ಅಂದರೆ ಮನೆಯಲ್ಲಿ ಇರದೆ ಕೆಲಸದಲ್ಲೇ ಇದ್ದವರೂ ಇಷ್ಟೂ ಸಲ ಮರೆತು ಹೊಸದಾಗಿ ಕಲಿತಿದ್ದಾರೆ. ನಾನು ತಪ್ಪಿಸಿಕೊಂಡಿದ್ದು ಕೊನೆಯದನ್ನು ಮಾತ್ರ. ಇದು ಗೊತ್ತಾದಾಗ ಮನಸ್ಸಿಗೆ ಎಷ್ಟು ಸಮಾಧಾನವಾಯಿತು ಗೊತ್ತಾ?

ಇಂಟರ್‌ವ್ಯೂಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಒಂದು ಕಡೆ ಎಚ್‌ಆರ್‌ನವರು ಇಷ್ಟು ವರ್ಷ ಏನು ಮಾಡುತ್ತಿದ್ದಿರಿ ಅಂತ ಕೇಳಿದರು. ಎಲ್ಲ ಹೇಳಿದೆ. ಕೇಳಿಸಿಕೊಂಡು ಕಂಪ್ಯೂಟರಿನಲ್ಲಿ ಹೌಸ್‌ವೈಫ್ ಅಂತ ಬರೆದು, ಈಗಷ್ಟೇ ಕೋರ್ಸ್ ಮುಗಿಸಿದವರ ಸಂಬಳ ಹೇಳಿದರು. ಹಿಂದಿನ ಹನ್ನೊಂದು ವರ್ಷದ ಅನುಭವವೂ ಲೆಕ್ಕಕ್ಕಿಲ್ಲ. ಅದು ಅನ್ಯಾಯ. ವಾಪಸ್ ಬರುವ ಹೆಂಗಸರು ಹೇಗಿದ್ದರೂ ಒಪ್ಪಿಕೊಳ್ಳುತ್ತಾರೆ ಅನ್ನುವ ಧೈರ್ಯದ ಮೇಲೆ ಹೀಗೆ ಮಾಡುತ್ತಾರೆ. ನಾನು ಒಪ್ಪಿಕೊಳ್ಳಲಿಲ್ಲ.

ಈಗ ಇರುವ ಆಸ್ಪತ್ರೆಯಲ್ಲಿ ಇಂಟರ್‌ವ್ಯೂ ಮಾಡಿದ್ದು ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ. ಅವರೂ ಅದೇ ಪ್ರಶ್ನೆ ಕೇಳಿದರು. ನಾನು ಹೇಳಿ ಮುಗಿಸಿದ ಮೇಲೆ ಪೆನ್ ಕೆಳಗಿಟ್ಟು, "ಬೆಡ್ ಸೋರ್ ಆಗಿತ್ತಾ?" ಅಂದರು.

"ಇಲ್ಲ ಮೇಡಂ."

"ಅಷ್ಟೂ ವರ್ಷದಲ್ಲಿ?"

"ಒಂದು ಸಲ ಸೊಂಟದ ಹತ್ತಿರ ಕೆಂಪಾಗಿತ್ತು. ಆ ಕಡೆ ಎರಡು ದಿನ ಮಲಗಿಸಲೇ ಇಲ್ಲ. ಹೋಯಿತು."

ಅವರು ಇನ್ನೇನೂ ಕೇಳಲಿಲ್ಲ. ಹಳೆಯ ಅನುಭವ ಹಿಡಿದೇ ಸಂಬಳ ಹಾಕಿದರು. ಅವತ್ತು ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕಣ್ಣೀರು ತಡೆಯೋಕಾಗಲಿಲ್ಲ. ಶಕ್ತಿ ಯೋಜನೆ ಶುರುವಾದ ಹೊಸದು, ಬಸ್ಸಿನ ತುಂಬ ಹೆಂಗಸರು. ಪಕ್ಕದಲ್ಲಿದ್ದ ಒಬ್ಬರು ಗಾಬರಿಯಾಗಿ ನೀರಿನ ಬಾಟಲಿ ಕೊಟ್ಟರು. ಕೆಲಸ ಸಿಕ್ಕಿತು ಅಂದೆ. ಅವರೇ ಬ್ಯಾಗಿನಿಂದ ಕಡ್ಲೆಮಿಠಾಯಿ ತೆಗೆದು ಕೊಟ್ಟರು!

ಇನ್ನು ವಾರ್ಡಿನ ವಿಷಯ. ಐವಿ ಬಗ್ಗೆ ಎಲ್ಲರಿಗೂ ಭಯ ಅಲ್ವಾ, ಅದನ್ನೇ ಮೊದಲು ಹೇಳುತ್ತೇನೆ. ನನಗೆ ಸಿಕ್ಕ ಮೊದಲ ಪೇಷೆಂಟ್ ಒಬ್ಬರು ಮೇಷ್ಟ್ರು, ವಯಸ್ಸಾದವರು, ಕೈಯೆಲ್ಲ ಸೂಜಿ ಚುಚ್ಚಿಸಿಕೊಂಡು ನೀಲಿಗಟ್ಟಿತ್ತು. "ನಂಗೆ ನರಾನೇ ಸಿಗಲ್ಲಮ್ಮ" ಅಂದರು. ಟೂರ್ನಿಕೆಟ್ ಕಟ್ಟಿ ಮುಂಗೈ ಮೇಲೆ ಬೆರಳಿಟ್ಟೆ. ಕಣ್ಣಿಗೆ ಕಾಣುವ ನರ ಬೇಡ, ಅದು ಜಾರುತ್ತದೆ. ಬೆರಳಿಗೆ ಮೆತ್ತಗೆ ಪುಟಿಯುವುದು ಬೇಕು. ಸಿಕ್ಕಿತು. ನೀಲಿ ಕ್ಯಾನುಲಾ ತೆಗೆದುಕೊಂಡು, ಎಡಗೈ ಹೆಬ್ಬೆರಳಲ್ಲಿ ಚರ್ಮ ಕೆಳಗೆ ಎಳೆದು ಹಿಡಿದು, ಓರೆಯಾಗಿ ಒಳಗೆ ಬಿಟ್ಟೆ. ಹಿಂದಿನ ಚೇಂಬರಿನಲ್ಲಿ ರಕ್ತ ಕಂಡಿತು. ಸೂಜಿ ಸ್ವಲ್ಪ ತಗ್ಗಿಸಿ, ಕೂದಲೆಳೆಯಷ್ಟು ಮುಂದೆ ಹೋಗಿ, ಪ್ಲಾಸ್ಟಿಕ್ ನಳಿಕೆ ಮಾತ್ರ ಒಳಗೆ ಜಾರಿಸಿದೆ. ಸಲೈನ್ ಹಾಕಿ ನೋಡಿದೆ, ಊದಲಿಲ್ಲ. ಸೈಕಲ್ ಕಲಿತವರಿಗೆ ಸೈಕಲ್ ಮರೆಯುವುದಿಲ್ಲವಲ್ಲ, ಹಾಗೆ. ಕೈ ನಮ್ಮನ್ನು ಕೇಳದೆಯೇ ಕೆಲಸ ಮಾಡಿತು.

ಮರೆತುಹೋಗುವುದು ಬೇರೆ. ಎಂಟು ಹತ್ತು ಪೇಷೆಂಟ್‌ಗಳನ್ನು ಒಟ್ಟಿಗೇ ತಲೆಯಲ್ಲಿ ಇಟ್ಟುಕೊಳ್ಳುವುದು. ಒಬ್ಬರ ಆಂಟಿಬಯೋಟಿಕ್ ಹೊತ್ತು, ಇನ್ನೊಬ್ಬರ ಸ್ಕ್ಯಾನ್, ಮೂರನೆಯವರ ಬ್ಲಡ್ ರಿಪೋರ್ಟ್, ಅಷ್ಟರಲ್ಲಿ ನಾಲ್ಕನೇ ಬೆಡ್ಡಿನ ಬೆಲ್. ಮನೆಯಲ್ಲಿ ಒಬ್ಬರನ್ನೇ ಅಷ್ಟು ಆಳವಾಗಿ ನೋಡಿಕೊಂಡು ಬಂದವಳಿಗೆ ಇದು ಉಸಿರು ಕಟ್ಟಿಸಿತು. ರೌಂಡ್ಸ್ ಮುಗಿಯುವಷ್ಟರಲ್ಲಿ ಅಂಗಾಲು ಉರಿಯುತ್ತಿತ್ತು. ಇದು ವಾರದಲ್ಲಿ ಸರಿಹೋಗುವುದಲ್ಲ, ತಿಂಗಳುಗಳೇ ಬೇಕು. ಮೊದಲ ವಾರ ಆಗಲಿಲ್ಲ ಅಂತ ಬಿಟ್ಟುಹೋದ ಇಬ್ಬರು ಸಿಸ್ಟರ್‌ಗಳು ನನಗೆ ಗೊತ್ತು. ಒಳ್ಳೆ ನರ್ಸ್‌ಗಳು. ಯಾರಾದರೂ ಸ್ವಲ್ಪ ದಿನ ಅವರ ಪಕ್ಕ ನಿಂತಿದ್ದರೆ ಅವರು ಇವತ್ತು ವಾರ್ಡಲ್ಲಿರುತ್ತಿದ್ದರು.

ನನ್ನ ಪಕ್ಕ ನಿಂತವಳು ಸಿಂಧನೂರಿನ ಒಬ್ಬ ಹುಡುಗಿ. ನನಗಿಂತ ಹದಿನೆಂಟು ವರ್ಷಕ್ಕಾದರೂ ಚಿಕ್ಕವಳು. ಹಿಂದೆ ನಾವು ಎಲ್ಲ ಕೈಯಲ್ಲಿ ಬರೆಯುತ್ತಿದ್ದೆವು. ಈಗ ಔಷಧಿ ಕೊಟ್ಟಿದ್ದು, ನೀರು ಹೋಗಿದ್ದು ಬಂದಿದ್ದು, ಸಾಮಾನು ತರಿಸುವ ಇಂಡೆಂಟ್ ಎಲ್ಲ ಕಂಪ್ಯೂಟರ್. "ಅಕ್ಕಾರ, ಅಂಜಬ್ಯಾಡ್ರಿ. ತಪ್ಪು ಒತ್ತಿದ್ರ ಏನೂ ಆಗಂಗಿಲ್ಲ, ಕಡೀಕ ಸೇವ್ ಕೊಡೂತನಕ ಅದು ಹೋಗಂಗಿಲ್ರಿ" ಅಂತ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು ಹೇಳಿಕೊಟ್ಟಳು. ಕಸದ ಡಬ್ಬಿಗಳೂ ಬದಲಾಗಿದ್ದವು. 2016ರ ನಿಯಮ ಬಂದ ಮೇಲೆ ಹಳದಿ, ಕೆಂಪು, ಬಿಳಿ, ನೀಲಿ ನಾಲ್ಕು ಬಣ್ಣ. ರಕ್ತ ಅಂಟಿದ ಹತ್ತಿ, ಡ್ರೆಸ್ಸಿಂಗ್ ಹಳದಿಗೆ. ಐವಿ ಸೆಟ್, ಗ್ಲೌಸ್, ಸೂಜಿ ತೆಗೆದ ಸಿರಿಂಜ್ ಕೆಂಪಿಗೆ. ಸೂಜಿ ಬಿಳಿ ಡಬ್ಬಿಗೆ, ಗಾಜು ನೀಲಿಗೆ. ನಾನು ಬಿಡುವಾಗ ಇದ್ದ ವ್ಯವಸ್ಥೆ ಸ್ವಲ್ಪ ಬೇರೆ. ನಾನು ಡಬ್ಬಿ ಮುಂದೆ ನಿಂತು ಯೋಚಿಸುವುದನ್ನು ನೋಡಿ ಅವಳು ಒಂದು ಚೀಟಿ ಬರೆದು ಟ್ರಾಲಿಗೆ ಅಂಟಿಸಿದಳು. ಆ ಮಗುವಿನ ಋಣ ನನ್ನ ಮೇಲಿದೆ.

ನಾನೂ ಅವಳಿಗೆ ಒಂದು ಕಲಿಸಿದೆ. ಉಸಿರು ಎಣಿಸುವುದು. ಚಾರ್ಟಿನಲ್ಲಿ ಎಲ್ಲರಿಗೂ 20 ಅಂತ ಬರೆದುಬಿಡುವ ಅಭ್ಯಾಸ ಹಿಂದೆಯೂ ಇತ್ತು, ಈಗಲೂ ಅಲ್ಲಲ್ಲಿ ಇದೆ. ಟೆಂಪರೇಚರ್, ಪಲ್ಸ್, ಬಿಪಿ, ಸ್ಯಾಚುರೇಷನ್ ಅಂದರೆ ರಕ್ತದ ಆಕ್ಸಿಜನ್ ಮಟ್ಟ, ಎಲ್ಲಕ್ಕೂ ಯಂತ್ರ ಇದೆ. ಉಸಿರಿಗೆ ವಾರ್ಡಲ್ಲಿ ನಮ್ಮ ಕಣ್ಣೇ ಯಂತ್ರ, ಒಂದು ನಿಮಿಷ ನಿಲ್ಲಬೇಕು. ಈಗ ನಮ್ಮಲ್ಲಿ ನ್ಯೂಸ್ ಸ್ಕೋರ್ ಅಂತ ಹಾಕುತ್ತಾರೆ. ಪೇಷೆಂಟ್ ಕೆಡುತ್ತಿದ್ದಾರೆ ಅಂತ ಮೊದಲೇ ಎಚ್ಚರಿಸುವ ಲೆಕ್ಕ. ಇಂಗ್ಲೆಂಡಿನಲ್ಲಿ 2012ರಲ್ಲಿ ಶುರುವಾಗಿದ್ದು, ಈಗ ಇಲ್ಲೂ ಹಲವು ಕಡೆ ಬಳಸುತ್ತಾರೆ. ಅದರಲ್ಲಿ ಉಸಿರು 12ರಿಂದ 20 ಇದ್ದರೆ ಸೊನ್ನೆ, 25 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಒಂದೇ ಏಟಿಗೆ 3. ಯಾವುದೇ ಒಂದರಲ್ಲಿ 3 ಬಂದರೂ ಡಾಕ್ಟರನ್ನು ಕರೆಯಲೇಬೇಕು. ಸುಮ್ನೆ 20 ಅಂತ ಬರೆದರೆ ಆ ಲೆಕ್ಕಕ್ಕೇ ಅರ್ಥವಿಲ್ಲ.

ಒಂದು ನೈಟ್‌ನಲ್ಲಿ ಒಬ್ಬ ಹೆಂಗಸು, ಯೂರಿನ್ ಇನ್ಫೆಕ್ಷನ್‌ಗೆ ಬಂದವರು. ಜ್ವರ ಇಳಿದಿತ್ತು, ಸ್ಯಾಚುರೇಷನ್ 96, ಮಾತಾಡುತ್ತಿದ್ದರು. ಉಸಿರು ಎಣಿಸಿದರೆ 26. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದೆ. ಯಾವ ಬೆಡ್, ಯಾಕೆ ಬಂದವರು, ಸಂಜೆ ಎಷ್ಟಿತ್ತು, ಈಗ ಎಷ್ಟಿದೆ ಎಲ್ಲ ಹೇಳಿದೆ. "ಸಿಸ್ಟರ್, ಸ್ಯಾಚುರೇಷನ್ ಚೆನ್ನಾಗಿದೆಯಲ್ಲ?" ಅಂದರು. "ಹೌದು ಡಾಕ್ಟ್ರೇ. ಆದರೂ ನೀವು ಬಂದು ನೋಡಬೇಕು" ಅಂದೆ. ಬಂದರು, ಪಾಪ, ಅವರದ್ದೂ ಎರಡನೇ ನೈಟ್. ರಕ್ತದಲ್ಲಿ ಲ್ಯಾಕ್ಟೇಟ್ ನೋಡಿಸಿದರು, ಜಾಸ್ತಿ ಇತ್ತು. ಸೋಂಕಿನಿಂದ ಇಡೀ ದೇಹವೇ ಕೆಡತೊಡಗುವ ಸೆಪ್ಸಿಸ್ ಶುರುವಾಗಿತ್ತು. ಬೆಳಗಾಗುವ ಮೊದಲೇ ಐಸಿಯುಗೆ ಹೋದರು, ವಾರದಲ್ಲಿ ನಡೆದುಕೊಂಡು ಮನೆಗೆ ಹೋದರು. ನಮ್ಮತ್ತೆಯ ಪಕ್ಕ ಕೂತು ಎಣಿಸದೇ ಇದ್ದಿದ್ದರೆ ನಾನು ಆ ರಾತ್ರಿ ಆ ಬೆಡ್ಡಿನ ಹತ್ತಿರ ಅಷ್ಟು ಹೊತ್ತು ನಿಲ್ಲುತ್ತಿರಲಿಲ್ಲ.

ಈಗ ಡಿಸ್ಚಾರ್ಜ್. ಇದು ನನ್ನ ಮನಸ್ಸಿಗೆ ತೀರಾ ಹತ್ತಿರದ ವಿಷಯ. ವಾರ್ಡಿನ ಇನ್ ಚಾರ್ಜ್ ಸಿಸ್ಟರ್ ಹತ್ತಿರ ಕೇಳಿಕೊಂಡು, ಟ್ಯೂಬ್ ಇರುವವರು, ಹೊಸದಾಗಿ ಇನ್ಸುಲಿನ್ ಶುರುವಾದವರು, ಹಾಸಿಗೆ ಹಿಡಿದವರು, ಇವರ ಮನೆಯವರಿಗೆ ಹೇಳಿಕೊಡುವುದನ್ನು ಹಿಂದಿನ ದಿನವೇ ಶುರು ಮಾಡಿದೆವು. ಬಿಲ್ಲಿನ ದಿನ ಯಾರ ತಲೆಗೂ ಏನೂ ಹೋಗುವುದಿಲ್ಲ.

ಮಾಗಡಿ ಕಡೆಯಿಂದ ಬಂದಿದ್ದ ಒಬ್ಬ ಅಜ್ಜಿಗೆ ಇನ್ಸುಲಿನ್ ಹೊಸದು. ಬೆಳಗ್ಗೆ 20 ಯೂನಿಟ್. ಸೊಸೆ ಚುಚ್ಚುವವಳು. ಹೇಳಿಕೊಟ್ಟ ಮೇಲೆ, "ಅರ್ಥ ಆಯ್ತಾ" ಅಂತ ನಾನು ಕೇಳುವುದಿಲ್ಲ. ಕೇಳಿದರೆ ಎಲ್ಲರೂ ಆಯ್ತು ಅನ್ನುತ್ತಾರೆ. "ನಾಳೆ ಬೆಳಗ್ಗೆ ಮನೇಲಿ ಏನು ಮಾಡ್ತೀಯ, ನನಗೆ ಮಾಡಿ ತೋರಿಸಮ್ಮ" ಅಂದೆ. ಅವಳು ಗಂಡ ಹೊರಗಿನ ಮೆಡಿಕಲ್ ಶಾಪಿನಿಂದ ತಂದ ಸಿರಿಂಜ್ ತೆಗೆದಳು. ಕಿತ್ತಳೆ ಬಣ್ಣದ ಮುಚ್ಚಳ. ಕೈಯಲ್ಲಿದ್ದ ಬಾಟಲಿ 40ರದ್ದು.

ಇದು ಗೊತ್ತಿಲ್ಲದವರಿಗೆ ಹೇಳುತ್ತೇನೆ, ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಈಗಲೇ ಎದ್ದು ಹೋಗಿ ನೋಡಿ. ನಮ್ಮ ದೇಶದಲ್ಲಿ ಬಾಟಲಿಯಲ್ಲಿ ಬರುವ ಇನ್ಸುಲಿನ್ ಹೆಚ್ಚಾಗಿ ಒಂದು ಎಂಎಲ್‌ಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಒಂದು ಎಂಎಲ್‌ಗೆ 100 ಯೂನಿಟ್ ಇರುವುದಕ್ಕೆ ಕಿತ್ತಳೆ ಮುಚ್ಚಳದ್ದು. 40ರ ಬಾಟಲಿಗೆ ಕಿತ್ತಳೆ ಸಿರಿಂಜ್ ಹಾಕಿ 20ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು ಬರೀ 8 ಯೂನಿಟ್. ಶುಗರ್ ಏರುತ್ತಲೇ ಇರುತ್ತದೆ, ಯಾರಿಗೂ ಯಾಕೆ ಅಂತ ತಿಳಿಯುವುದಿಲ್ಲ. ಉಲ್ಟಾ ಆದರೆ ಇನ್ನೂ ಭಯಂಕರ. 100ರ ಬಾಟಲಿಗೆ ಕೆಂಪು ಸಿರಿಂಜ್ ಹಾಕಿ 20ರ ಗೆರೆವರೆಗೆ ಎಳೆದರೆ 50 ಯೂನಿಟ್ ಹೋಗುತ್ತದೆ. ಶುಗರ್ ಕುಸಿದು ಮನುಷ್ಯ ಎಚ್ಚರ ತಪ್ಪುತ್ತಾನೆ, ಜೀವಕ್ಕೇ ಅಪಾಯ.

ಆ ಸೊಸೆಗೆ ಬಾಟಲಿಯ ಮೇಲಿನ 40, ಸಿರಿಂಜಿನ ಮೇಲಿನ 40 ಎರಡನ್ನೂ ಬೆರಳಿಟ್ಟು ತೋರಿಸಿದೆ. ಎರಡೂ ಒಂದೇ ಇರಬೇಕು. ಹಳೇ ಬಾಟಲಿಗೆ ಸಲೈನ್ ತುಂಬಿಕೊಟ್ಟು, ಸರಿಯಾಗಿ 20 ಎಳೆಯುವವರೆಗೆ ಮಾಡಿಸಿದೆ. ಅಂಗಡಿಯಲ್ಲಿ ತೋರಿಸಿ ತರಲಿ ಅಂತ ಕೆಂಪು ಮುಚ್ಚಳವನ್ನು ಅವಳ ಪರ್ಸಿಗೆ ಹಾಕಿ ಕಳಿಸಿದೆ. ಇಷ್ಟಕ್ಕೆ ಹಿಡಿದಿದ್ದು ಇಪ್ಪತ್ತು ನಿಮಿಷ ಇರಬಹುದು. ವಾರ್ಡಲ್ಲಿ ಇಪ್ಪತ್ತು ನಿಮಿಷ ಸಣ್ಣ ಮಾತಲ್ಲ, ನನಗೆ ಗೊತ್ತು. ಆ ಹೊತ್ತಲ್ಲಿ ಸಿಂಧನೂರಿನ ಹುಡುಗಿ ನನ್ನ ಪೇಷೆಂಟ್‌ಗಳನ್ನೂ ನೋಡಿಕೊಂಡಳು. ಇದನ್ನು ಒಬ್ಬೊಬ್ಬರ ಒಳ್ಳೆತನದ ಮೇಲೆ ಬಿಡಬಾರದು, ಡ್ಯೂಟಿ ಪಟ್ಟಿಯಲ್ಲೇ ಇದಕ್ಕೆ ಹೊತ್ತು ಇಡಬೇಕು. ಇದನ್ನು ನಾನು ಪ್ರತಿ ಮೀಟಿಂಗ್‌ನಲ್ಲೂ ಹೇಳುತ್ತಿದ್ದೇನೆ, ಮುಂದೆಯೂ ಹೇಳುತ್ತೇನೆ.

ಇನ್ನೊಂದನ್ನೂ ಬರೆದು ಕೊಟ್ಟಿದ್ದೆ. ಕೆಲಸ ಬಿಟ್ಟು ವಾಪಸ್ ಬಂದ ಸಿಸ್ಟರ್‌ಗಳಿಗೆ ಮೊದಲ ದಿನವೇ ಪೂರ್ತಿ ಪೇಷೆಂಟ್‌ಗಳನ್ನು ಹಂಚಬೇಡಿ, ಕೆಲವು ವಾರ ಒಬ್ಬರ ಜೊತೆ ನಡೆಯಲು ಬಿಡಿ, ಕಂಪ್ಯೂಟರ್ ಕಲಿಸಿ, ಔಷಧಿ ಲೆಕ್ಕ ಇನ್ನೊಬ್ಬರು ನೋಡಲಿ, ಆದರೆ ಅವರ ಹಿಂದಿನ ಅನುಭವಕ್ಕೆ ಸಂಬಳ ಕಡಿಮೆ ಮಾಡಬೇಡಿ ಅಂತ. ಸೂಪರಿಂಟೆಂಡೆಂಟ್ ಮೇಡಂ ಬಹಳ ದಿನ ಏನೂ ಹೇಳಲಿಲ್ಲ. ಹೋದ ವಾರ ಕರೆದರು. ಇಬ್ಬರು ಮಕ್ಕಳಾದ ಮೇಲೆ ಆರು ವರ್ಷ ಮನೆಯಲ್ಲಿದ್ದ ಒಬ್ಬ ಸಿಸ್ಟರ್ ಸೋಮವಾರ ಸೇರುತ್ತಿದ್ದಾರೆ, ನಿಮ್ಮ ವಾರ್ಡಿಗೇ ಹಾಕಿದ್ದೇನೆ, ನೀವು ಕೇಳಿದ ಹಾಗೇ ಮೂರು ವಾರ ನಿಮ್ಮ ಜೊತೆ ಇರಲಿ ಅಂದರು. ನಿನ್ನೆ ಆ ಸಿಸ್ಟರ್ ಫೋನ್ ಮಾಡಿ, ಐವಿ ಹಾಕೋಕೆ ಬರುತ್ತೋ ಇಲ್ವೋ ಅಂತ ಭಯ ಅಂದರು. ಮೊದಲ ದಿನವೇ ಒಂದು ಹಾಕಿಸುತ್ತೇನೆ, ನಾನು ಪಕ್ಕದಲ್ಲೇ ಇರುತ್ತೇನೆ ಅಂತ ಹೇಳಿದ್ದೇನೆ. ಮೆತ್ತನೆ ಶೂ ತಗೊಳ್ಳಿ ಅಂತಲೂ ಹೇಳಿದೆ.